ವಾದವೋ, ವಿತಂಡವೋ?

ರಾತ್ರಿಯ ವಾರ್ತೆ ಮುಗಿಯುತ್ತದೆ. ರೇಡಿಯೋದ ಕಿವಿ ತಿರುವಿ ನೀವು ಅದನ್ನು ಸುಮ್ಮನಾಗಿಸುತ್ತೀರಿ. ಆದರೆ ಮನೆ ಸುಮ್ಮನಾಗುವುದೆ? ಮಾತಿಗೆ ಆಗಲೇ ಮೊದಲು. ಸರ್ಕಾರ ಮಾಡಿದ್ದು ಸರಿ ಎಂದು ಒಬ್ಬರು ಹೇಳುತ್ತಾರೆ. ಎಲ್ಲಿಯ ಸರಿ ಎಂದು ಇನ್ನೊಬ್ಬರು ಮೂಗು ಮುರಿಯುತ್ತಾರೆ. ಪಕ್ಕದ ಮನೆಯವರೂ ಬಂದು ಜಗಲಿಯ ಮೇಲೆ ಕುಳಿತರೆಂದರೆ ಮುಗಿಯಿತು. ಅಮೆರಿಕಾ ರಷ್ಯಾಗಳ ವ್ಯವಹಾರ ಇತ್ಯರ್ಥವಾಗುವವರೆಗೆ ಅಡಿಗೆಮನೆಯ ಕರೆಗೆ ಯಾರೂ ಓಗೊಡುವುದಿಲ್ಲ.

ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರಜಾಪ್ರಭುತ್ವದಲ್ಲಿ ಹೀಗೆ ನಡೆಯಬೇಕಾದದ್ದೇ. ಓಟು ಕೊಡುವವನಿಗೆ ಸರ್ಕಾರದ ನೀತಿಯನ್ನು ತೂಗಿ ನೋಡುವ ಹಕ್ಕು ಉಂಟು, ಹೊಣೆಯೂ ಉಂಟು. ಆದರೆ ತೂಗುವುದು ಹೇಗೆ? ತಕ್ಕಡಿ ಹಿಡಿಯುವುದನ್ನು ನಮಗೆ ಯಾರೂ ಕಲಿಸಿಲ್ಲ. ಕಲಿಯದ ಕೈಗೆ ತಕ್ಕಡಿ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ.

ನಮ್ಮ ನೆರೆಯಲ್ಲಿ ಇಬ್ಬರು ಹಿರಿಯರು. ಒಬ್ಬರು ಅಂಚೆ ಕಚೇರಿಯಿಂದ ನಿವೃತ್ತರಾದವರು, ಇನ್ನೊಬ್ಬರು ಜವಳಿ ಅಂಗಡಿಯವರು. ಇಪ್ಪತ್ತು ವರ್ಷಗಳ ಸ್ನೇಹ. ಕೆಲವು ವರ್ಷಗಳ ಹಿಂದೆ ದೂರದೇಶದ ಒಂದು ಯುದ್ಧದ ವಿಷಯದಲ್ಲಿ ಇಬ್ಬರಿಗೂ ಮಾತು ಬೆಳೆಯಿತು. ಯಾವ ಯುದ್ಧವೆಂದು ಹೇಳಹೊರಟರೆ ಈ ಲೇಖನವೇ ಇನ್ನೊಂದು ಜಗಳಕ್ಕೆ ಕಾರಣವಾದೀತು. ಆದ್ದರಿಂದ ಅದು ಬೇಡ. ಮಾತಿಗೆ ಮಾತು ಬೆಳೆದು, ನೀತಿಯ ಪ್ರಶ್ನೆ ಹೋಗಿ ಬುದ್ಧಿಯ ಪ್ರಶ್ನೆ ಬಂತು; ಬುದ್ಧಿಯ ಪ್ರಶ್ನೆ ಹೋಗಿ ಜಾತಕವೇ ಹೊರಬಿತ್ತು. ಆ ರಾತ್ರಿಯಿಂದ ಇಬ್ಬರಿಗೂ ಮಾತಿಲ್ಲ. ಜವಳಿಯವರ ಮಗಳ ಮದುವೆಗೆ ಅಂಚೆಯವರು ಹೋಗಲಿಲ್ಲ. ಯುದ್ಧ ಮಾಡಿದ ಎರಡು ದೇಶಗಳಿಗೂ ಈ ಇಬ್ಬರ ಹೆಸರು ತಿಳಿಯದು.

ಇದರಲ್ಲಿ ನನ್ನ ಪಾಲೂ ಉಂಟು. ಅಂದು ಅಲ್ಲಿ ನಾನೂ ಕುಳಿತಿದ್ದೆ. ಜವಳಿಯವರ ಒಂದು ಚುರುಕು ಮಾತಿಗೆ ಅಂಚೆಯವರು ಉತ್ತರ ತೋಚದೆ ತಡವರಿಸಿದಾಗ ನಾನು ನಕ್ಕುಬಿಟ್ಟೆ. ಮಕ್ಕಳಿಗೆ ಚರ್ಚಾಸ್ಪರ್ಧೆ ನಡೆಸುವ ಉಪಾಧ್ಯಾಯನಾದ ನಾನು ಅಂದು ತೀರ್ಪುಗಾರನಾಗಲಿಲ್ಲ, ಚಪ್ಪಾಳೆ ತಟ್ಟುವವನಾದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ನಮ್ಮ ಹಿರಿಯರು ಮಾತಿನ ಈ ಪಾಡನ್ನು ಬಲ್ಲವರಾಗಿದ್ದರು. ಗೌತಮನ ನ್ಯಾಯಸೂತ್ರಗಳಲ್ಲಿ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ನಿಜವನ್ನು ತಿಳಿಯಬೇಕೆಂದು ಇಬ್ಬರೂ ಕುಳಿತು, ಪ್ರಮಾಣಗಳನ್ನು ಮುಂದಿಟ್ಟು ಮಾತನಾಡಿದರೆ ಅದು ವಾದ. ಗೆಲ್ಲಬೇಕೆಂಬ ಒಂದೇ ಹಟದಿಂದ, ಮಾತಿನ ಮೋಸವನ್ನಾದರೂ ಮಾಡಿ ಎದುರಾಳಿಯನ್ನು ಕೆಡವಹೊರಟರೆ ಅದು ಜಲ್ಪ. ತನ್ನದೆಂಬ ಪಕ್ಷವನ್ನು ಮುಂದಿಟ್ಟು ಸಾಧಿಸದೆ, ಎದುರಿನವನು ಹೇಳಿದ್ದನ್ನೆಲ್ಲ ಒಡೆಯುವುದೇ ಕಸುಬಾದರೆ ಅದು ವಿತಂಡ. ವಿತಂಡವಾದ ಎಂಬ ಮಾತು ನಮ್ಮ ಮನೆಮಾತಾಗಿದೆ. ಅದರ ಜೊತೆಯಲ್ಲಿ ಹುಟ್ಟಿದ ಜಲ್ಪವನ್ನು ಮಾತ್ರ ಮರೆತಿದ್ದೇವೆ. ಮರೆತದ್ದು ಹೆಸರನ್ನು, ಅಭ್ಯಾಸವನ್ನಲ್ಲ!

ಅದೇ ಶಾಸ್ತ್ರದಲ್ಲಿ ಸೋಲಿನ ಗುರುತುಗಳೆಂದು ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಒಂದು ಅರ್ಥಾಂತರ. ಎಂದರೆ, ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೆ ವಿಷಯಕ್ಕೆ ಜಾರಿಕೊಳ್ಳುವುದು. ಲೋಕದ ರಾಜಕೀಯವನ್ನು ಚರ್ಚಿಸುವವರು ಮೊದಲು ಎಡವುವುದು ಇಲ್ಲಿಯೇ. ಬರಿಯ ಸೂತ್ರ ಹೇಳಿದರೆ ಸಾಲದು, ಉದಾಹರಣೆಯೊಂದನ್ನು ನೋಡೋಣ. ಬಿಸಿ ಆರಿದ ಹಳೆಯ ವಿಷಯವಾದರೆ ಕೈ ಸುಡುವುದಿಲ್ಲ.

1956ರ ನವೆಂಬರ್ 1ರಂದು ನಮ್ಮ ನಾಡಿನಲ್ಲಿ ಸಂಭ್ರಮ. ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಕೂಡಿ ವಿಶಾಲ ಮೈಸೂರು ರಾಜ್ಯ ಉದಯಿಸಿತು. ಅದೇ ದಿನ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ತನ್ನ ಮೊಟ್ಟಮೊದಲ ತುರ್ತು ಅಧಿವೇಶನಕ್ಕೆ ಸೇರಿತು. ಅದೇ ದಿನ ಯುರೋಪಿನ ಹಂಗರಿಯಲ್ಲಿ ಪ್ರಧಾನಿ ಇಮ್ರೆ ನಾಜ್ ತನ್ನ ದೇಶ ವಾರ್ಸಾ ಒಪ್ಪಂದದಿಂದ ಹೊರಬಂದು ತಟಸ್ಥವಾಗಿರುವುದೆಂದು ಸಾರಿದರು. ಜಗತ್ತು ಒಂದೇ ವಾರದಲ್ಲಿ ಎರಡು ಕಡೆ ಹೊತ್ತಿಕೊಂಡಿತ್ತು.

ಮೊದಲನೆಯದು ಈಜಿಪ್ಟಿನಲ್ಲಿ. ಮೆಡಿಟರೇನಿಯನ್ ಸಮುದ್ರವನ್ನೂ ಕೆಂಪು ಸಮುದ್ರವನ್ನೂ ಕೂಡಿಸುವ ಸೂಯೆಜ್ ಕಾಲುವೆ 1869ರಲ್ಲಿ ತೆರೆದದ್ದು. ಅದನ್ನು ನಡೆಸುತ್ತಿದ್ದ ಕಂಪೆನಿಯಲ್ಲಿ ಬ್ರಿಟನ್, ಫ್ರಾನ್ಸುಗಳ ಹಿತ ಅಡಗಿತ್ತು. ಆಸ್ವಾನ್ ಅಣೆಕಟ್ಟಿಗೆ ಕೊಡುತ್ತೇವೆಂದಿದ್ದ ಹಣವನ್ನು ಅಮೆರಿಕಾ ಬ್ರಿಟನ್ನುಗಳು ಕೊಡದೆ ಹಿಂದೆಗೆದವು. ಕೂಡಲೆ 1956ರ ಜುಲೈ 26ರಂದು ಅಧ್ಯಕ್ಷ ನಾಸರ್ ಆ ಕಂಪೆನಿಯನ್ನು ರಾಷ್ಟ್ರೀಕರಿಸಿದರು. ಅಕ್ಟೋಬರ್ 29ರಂದು ಇಸ್ರೇಲಿನ ಸೇನೆ ಸಿನಾಯಿಗೆ ನುಗ್ಗಿತು. ಹಿಂದೆಯೇ ಬ್ರಿಟನ್, ಫ್ರಾನ್ಸುಗಳು ಬಾಂಬು ಹಾಕಿ, ನವೆಂಬರ್ 5ರಂದು ಸೈನ್ಯವನ್ನೂ ಇಳಿಸಿದವು.

ಎರಡನೆಯದು ಹಂಗರಿಯಲ್ಲಿ. ಅಕ್ಟೋಬರ್ 23ರಂದು ರಾಜಧಾನಿ ಬುಡಾಪೆಸ್ಟಿನಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದರು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರವನ್ನು ಮೆಟ್ಟಿದವು. ಅಂದು ನಸುಕಿನಲ್ಲಿ ಆಕ್ರಮಣದ ಸುದ್ದಿಯನ್ನು ಇಮ್ರೆ ನಾಜ್ ರೇಡಿಯೋದ ಮೂಲಕವೇ ತಮ್ಮ ಜನರಿಗೂ ಜಗತ್ತಿಗೂ ತಿಳಿಸಿದರು. ಸುಮಾರು ಎರಡೂವರೆ ಸಾವಿರ ಮಂದಿ ಹಂಗೇರಿಯನ್ನರು ಸತ್ತರು; ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. 1958ರಲ್ಲಿ ನಾಜ್ ಅವರನ್ನು ಗಲ್ಲಿಗೇರಿಸಲಾಯಿತು.

ಇನ್ನು ನಮ್ಮ ಸರ್ಕಾರದ ನಡೆ. ಈಜಿಪ್ಟಿನ ಮೇಲಿನ ದಾಳಿಯನ್ನು ಪ್ರಧಾನಿ ನೆಹರೂ ಕೂಡಲೆ, ಬಿಗಿಯಾದ ಮಾತುಗಳಲ್ಲಿ ಖಂಡಿಸಿದರು. ಹಂಗರಿಯ ವಿಷಯದಲ್ಲಿ ಮಾತು ತಡವಾಯಿತು, ಮೆತ್ತಗೂ ಆಯಿತು. ನವೆಂಬರ್ 4ರಂದು ವಿಶ್ವಸಂಸ್ಥೆಯಲ್ಲಿ ಸೋವಿಯತ್ ನಡೆಯನ್ನು ಖಂಡಿಸುವ ನಿರ್ಣಯ ಬಂದಾಗ ಭಾರತ ಓಟು ಹಾಕದೆ ತಟಸ್ಥವಾಯಿತು. ನವೆಂಬರ್ 9ರಂದು, ಸೇನೆ ಹಿಂದಿರುಗಬೇಕು, ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಹಂಗರಿಯಲ್ಲಿ ಚುನಾವಣೆ ನಡೆಯಬೇಕು ಎಂಬ ನಿರ್ಣಯಕ್ಕೆ ವಿರುದ್ಧವಾಗಿಯೇ ಓಟು ಕೊಟ್ಟಿತು. ಹಾಗೆ ವಿರೋಧಿಸಿದ ದೇಶಗಳಲ್ಲಿ ಕಮ್ಯುನಿಸ್ಟ್ ಅಲ್ಲದ್ದು ಭಾರತವೊಂದೇ. ದೇಶದೊಳಗೆ ಗದ್ದಲವೆದ್ದಿತು. ಜಯಪ್ರಕಾಶ ನಾರಾಯಣರಂಥವರು ಬಹಿರಂಗವಾಗಿ ಟೀಕಿಸಿದರು. ನವೆಂಬರ್ ಮಧ್ಯದಲ್ಲಿ ದಿಲ್ಲಿಯಲ್ಲಿ ಸೇರಿದ ಭಾರತ, ಬರ್ಮಾ, ಸಿಂಹಳ, ಇಂಡೊನೇಷ್ಯಾ ಪ್ರಧಾನಿಗಳು ಸೋವಿಯತ್ ಸೇನೆ ಹಂಗರಿಯಿಂದ ಹಿಂದಿರುಗಬೇಕೆಂದು ಕೇಳಿದರು.

ಈಗ ನೀವು ನಮ್ಮ ಜಗಲಿಯ ಮೇಲೆ ಕುಳಿತು ಈ ವಿಷಯವನ್ನು ಚರ್ಚಿಸುತ್ತಿದ್ದೀರಿ ಎಂದುಕೊಳ್ಳಿ. ಒಬ್ಬರು, “ಹಂಗರಿಯಲ್ಲಿ ಆದದ್ದು ಅನ್ಯಾಯವಲ್ಲವೆ?” ಎಂದು ಕೇಳುತ್ತಾರೆ. ಇನ್ನೊಬ್ಬರು, “ಸೂಯೆಜಿನಲ್ಲಿ ಆದದ್ದಕ್ಕೆ ಏನು ಹೇಳುತ್ತೀರಿ?” ಎನ್ನುತ್ತಾರೆ. ಇದು ಅರ್ಥಾಂತರವೆ? ಆಗಿರಬಹುದು, ಆಗದೆಯೂ ಇರಬಹುದು. “ಹೌದು, ಅದು ಅನ್ಯಾಯವೇ, ಸೂಯೆಜೂ ಅನ್ಯಾಯವೆಂದು ನೀವು ಒಪ್ಪುತ್ತೀರಾ?” ಎಂದು ಮೊದಲು ಉತ್ತರ ಕೊಟ್ಟು ಆಮೇಲೆ ಕೇಳಿದರೆ, ಅದು ನಿಮ್ಮ ಅಳತೆಗೋಲು ಎರಡೂ ಕಡೆ ಒಂದೇಯೋ ಎಂದು ಪರೀಕ್ಷಿಸುವ ನ್ಯಾಯವಾದ ಪ್ರಶ್ನೆ. ಉತ್ತರ ಕೊಡುವ ಬದಲು ಕೇಳಿದರೆ ಅದು ತಪ್ಪಿಸಿಕೊಳ್ಳುವ ಹಿತ್ತಿಲ ಬಾಗಿಲು. ಮಾತು ಒಂದೇ, ಅದು ಉತ್ತರದ ಹಿಂದೆ ಬಂತೋ ಉತ್ತರದ ಬದಲಿಗೆ ಬಂತೋ ಎಂಬುದರ ಮೇಲೆ ಅದರ ಗುಣ ನಿಂತಿದೆ.

ಎರಡನೆಯದಾಗಿ, ಒಂದೇ ಜಗಳದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿರುತ್ತವೆ. ನಡೆದದ್ದೇನು? ಅದು ಸರಿಯೆ? ನಮ್ಮ ಸರ್ಕಾರ ಏನು ಮಾಡಬೇಕು? ಇವುಗಳನ್ನು ಬಿಡಿಸದೆ ವಾದಿಸುವುದು ಗಂಟುಬಿದ್ದ ನೂಲನ್ನು ಎಳೆದಂತೆ.

ನಡೆದದ್ದೇನು ಎಂಬುದಕ್ಕೆ ಬೇಕಾದದ್ದು ಸಾಕ್ಷ್ಯ. ಇಸ್ರೇಲು ದಾಳಿ ಮಾಡುವುದು ತಮಗೆ ಮೊದಲೇ ತಿಳಿದಿರಲಿಲ್ಲವೆಂದು ಬ್ರಿಟನ್ನಿನ ಪ್ರಧಾನಿ ಈಡನ್ 1956ರ ಡಿಸೆಂಬರಿನಲ್ಲಿ ತಮ್ಮ ಪಾರ್ಲಿಮೆಂಟಿಗೇ ಹೇಳಿದರು. ಪ್ಯಾರಿಸ್ಸಿನ ಬಳಿಯ ಸೆವ್ರ್ ಎಂಬಲ್ಲಿ ಮೂರು ದೇಶಗಳೂ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದವೆಂಬುದು ಅನಂತರ ಬಯಲಾಯಿತು. ಹಂಗರಿಯ ವಿಷಯದಲ್ಲಿ ನಮ್ಮ ಸರ್ಕಾರಕ್ಕೆ ಸಮಾಚಾರದ ಕೊರತೆಯೂ ಇತ್ತು. ಮಾಸ್ಕೋದಲ್ಲಿದ್ದ ರಾಯಭಾರಿ ಕೆ.ಪಿ.ಎಸ್. ಮೆನನ್ ಅವರೇ ಹಂಗರಿಯ ಹೊಣೆಯನ್ನೂ ಹೊತ್ತಿದ್ದರು. ಆದ್ದರಿಂದ ಮೊದಲ ವಾರದ ಸುದ್ದಿಯ ಮೇಲೆ ಆಣೆ ಇಡಬೇಡಿ. “ಈಗ ತಿಳಿದಷ್ಟರಲ್ಲಿ” ಎಂಬ ಒಂದು ಮಾತನ್ನು ಸೇರಿಸಿ ನೋಡಿ; ಎಷ್ಟು ಜಗಳ ಕರಗುತ್ತದೆ!

ಅದು ಸರಿಯೆ ಎಂಬುದಕ್ಕೆ ಬೇಕಾದದ್ದು ಅಳತೆಗೋಲು. ಬಲವಾದ ದೇಶ ತನ್ನ ಸೇನೆಯಿಂದ ಸಣ್ಣ ದೇಶದ ಸರ್ಕಾರವನ್ನು ಬಗ್ಗಿಸಬಾರದು ಎಂಬುದು ನಿಮ್ಮ ಕೋಲಾದರೆ, ಅದನ್ನು ಕೈರೋದಲ್ಲಿಯೂ ಬುಡಾಪೆಸ್ಟಿನಲ್ಲಿಯೂ ಒಂದೇ ಉದ್ದಕ್ಕೆ ಹಿಡಿಯಬೇಕು. ಎರಡಕ್ಕೂ ಅಂತರವಿದೆ ಎನ್ನುವಿರಾ? ಅಂತರವನ್ನು ತೋರಿಸಿ. ಹಂಗರಿಯ ಸರ್ಕಾರವೇ ತಮ್ಮನ್ನು ಕರೆಯಿತೆಂದು ಸೋವಿಯತ್ ಪಕ್ಷದವರು ಹೇಳಿದರು. ಪ್ರಧಾನಿಯಾಗಿದ್ದ ನಾಜ್ ವಿಶ್ವಸಂಸ್ಥೆಗೆ ಮೊರೆಯಿಟ್ಟಿದ್ದರು ಎಂಬುದು ಅದಕ್ಕೆ ಉತ್ತರ. ಹೀಗೆ ಅಂತರವನ್ನೂ ತೂಗಬಹುದು. ತೂಗದೆ ಕೋಲನ್ನೇ ಬದಲಾಯಿಸಬಾರದು.

ಸರ್ಕಾರ ಏನು ಮಾಡಬೇಕಾಗಿತ್ತು ಎಂಬುದು ಎಲ್ಲಕ್ಕಿಂತ ಕಷ್ಟ. ಮೊದಲೆರಡು ಪ್ರಶ್ನೆಗಳಲ್ಲಿ ಒಮ್ಮತವಿದ್ದವರೂ ಇಲ್ಲಿ ಭಿನ್ನವಾಗಬಹುದು. ಅವರಲ್ಲಿ ಯಾರೂ ದೇಶದ್ರೋಹಿಯೂ ಅಲ್ಲ, ದಡ್ಡರೂ ಅಲ್ಲ. ಇಲ್ಲಿ ನಮ್ಮ ಶಾಸ್ತ್ರಕಾರರ ಇನ್ನೊಂದು ಪಾಠ ಕೆಲಸಕ್ಕೆ ಬರುತ್ತದೆ: ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷ. ನೀವು ಒಪ್ಪದ ಪಕ್ಷವನ್ನು, ಅದನ್ನು ಒಪ್ಪಿದವನೇ “ಹೌದು, ನಾನು ಹೇಳುವುದು ಇದೇ” ಎನ್ನುವಷ್ಟು ಚೆನ್ನಾಗಿ ಮೊದಲು ಹೇಳಬೇಕು.

ಪ್ರಯತ್ನಿಸೋಣ. ಸರ್ಕಾರದ ಪಕ್ಷ ಇದು: ಸೂಯೆಜ್ ಕಾಲುವೆ ನಮ್ಮ ಹಡಗುಗಳ ದಾರಿ, ಅಲ್ಲಿ ಮೌನವಾಗಿರಲಾಗದು, ಹಂಗರಿಯಲ್ಲಿ ಗದ್ದಲ ಮಾಡುವುದಕ್ಕಿಂತ ಮಾಸ್ಕೋದೊಡನೆ ಮೆಲ್ಲಗೆ ಆಡಿದ ಮಾತಿಗೆ ಫಲ ಹೆಚ್ಚು, ಹೊರಗಿನವರ ಮೇಲ್ವಿಚಾರಣೆಯ ಚುನಾವಣೆಯನ್ನು ಒಂದು ದೇಶದ ಮೇಲೆ ಹೇರಿದರೆ ನಾಳೆ ಅದೇ ಮೇಲ್ಪಂಕ್ತಿಯಾದೀತು, ಕಾಶ್ಮೀರದ ಪ್ರಶ್ನೆಯಲ್ಲಿ 1955ರಲ್ಲಿ ನಮ್ಮನ್ನು ಬಹಿರಂಗವಾಗಿ ಬೆಂಬಲಿಸಿದ ಸ್ನೇಹಿತನನ್ನು ಕಳೆದುಕೊಳ್ಳುವುದು ದೇಶಹಿತವಲ್ಲ. ಟೀಕಾಕಾರರ ಪಕ್ಷ ಇದು: ಅಲಿಪ್ತ ನೀತಿಗೆ ಬೆಲೆ ಬರುವುದು ಎರಡು ಬಣಗಳನ್ನೂ ಒಂದೇ ಕಣ್ಣಿನಿಂದ ನೋಡಿದಾಗ, ಒಂದು ಕಡೆ ಗುಡುಗಿ ಇನ್ನೊಂದು ಕಡೆ ಪಿಸುಗುಟ್ಟಿದರೆ ಗುಡುಗಿಗೂ ಬೆಲೆಯಿಲ್ಲ, ಬುಡಾಪೆಸ್ಟಿನ ಬೀದಿಯಲ್ಲಿ ಸಾಯುತ್ತಿದ್ದವರಿಗೆ ಮೆಲ್ಲನೆಯ ಮಾತು ಕೇಳಿಸಲಿಲ್ಲ.

ನನ್ನ ಮಟ್ಟಿಗೆ ಟೀಕಾಕಾರರ ತಟ್ಟೆಯೇ ತೂಗುತ್ತದೆ. ಆದರೆ ಇನ್ನೊಂದು ತಟ್ಟೆ ಬರಿದಲ್ಲ ಎಂಬುದನ್ನು ಅದರ ಮಾತುಗಳನ್ನು ನಾನೇ ಬರೆದು ನೋಡಿದ ಮೇಲೆ ತಿಳಿದೆ.

ಶಾಲೆಯಲ್ಲಿ ಈಗ ಚರ್ಚೆ ನಡೆಸುವಾಗ ಇದನ್ನೇ ಮಾಡಿಸುತ್ತೇನೆ. ಪಕ್ಷವನ್ನು ಚೀಟಿ ಎತ್ತಿ ಹಂಚುವುದು. ಹದಿನೈದು ನಿಮಿಷವಾದ ಮೇಲೆ ಪಕ್ಷಗಳನ್ನು ಅದಲುಬದಲು ಮಾಡುವುದು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹೇಳಿದಳು: “ಸಾರ್, ನಾನು ಆಡಿದ್ದನ್ನು ನಾನೇ ಖಂಡಿಸಬೇಕಾಯಿತು. ಅದರಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಅಂತ ನನಗೆ ಮೊದಲೇ ಗೊತ್ತಿತ್ತಲ್ಲ!” ನನ್ನ ಪಂಡಿತ ಪರೀಕ್ಷೆಯ ಗುರುಗಳು ಇದ್ದಿದ್ದರೆ ಆಕೆಯ ಬೆನ್ನು ತಟ್ಟುತ್ತಿದ್ದರು.

ನಿಮ್ಮ ಮನೆಯಲ್ಲಿಯೂ ಪ್ರಯತ್ನಿಸಬಹುದು. ಮನೆಯ ಹೆಂಗಸರನ್ನೂ ಮಕ್ಕಳನ್ನೂ ಸೇರಿಸಿಕೊಳ್ಳಿ. ಬೆಲೆ ಏರಿದಾಗ ವಿದೇಶಾಂಗ ನೀತಿಯ ಬಿಸಿ ಮೊದಲು ತಟ್ಟುವುದು ಒಲೆಯ ಮುಂದಿರುವವರಿಗೆ. ಈ ಸಲ ಯಾವ ಪ್ರಶ್ನೆ, ಸಂಗತಿಯೋ ನ್ಯಾಯವೋ ನೀತಿಯೋ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಎದುರಿನವರ ಮಾತನ್ನು ಒಮ್ಮೆ ಹೇಳಿ ಒಪ್ಪಿಸಿ ಆಮೇಲೆ ಉತ್ತರಿಸಿ. ಯಾವ ಸುದ್ದಿ ಬಂದರೆ ನಿಮ್ಮ ಮನಸ್ಸು ಬದಲಾದೀತೆಂದು ನಿಮ್ಮನ್ನೇ ಕೇಳಿಕೊಳ್ಳಿ. ಯಾವ ಸುದ್ದಿಯೂ ಬದಲಾಯಿಸಲಾರದು ಎಂದಾದರೆ ಊಟಕ್ಕೆ ಏಳುವುದು ಮೇಲು.

ಕಡೆಯದಾಗಿ ಆ ಇಬ್ಬರು ಹಿರಿಯರ ಮಾತು. ಕಳೆದ ಯುಗಾದಿಯಂದು ಇಬ್ಬರನ್ನೂ ಮನೆಗೆ ಕರೆದೆ. ಅಂದು ನಕ್ಕದ್ದಕ್ಕೆ ಅಂಚೆಯವರಲ್ಲಿ ಮೊದಲು ಕ್ಷಮೆ ಕೇಳಿದೆ. ಆಮೇಲೆ, “ರಾಯರೇ, ಅಂದು ಶೆಟ್ಟರು ಹೇಳಿದ್ದೇನು ಎಂದು ಮಾತ್ರ ನೀವು ಹೇಳಿ, ಉತ್ತರ ಬೇಡ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಹೇಳಿದರು. ಶೆಟ್ಟರು, “ನಾನು ಹೇಳಿದ್ದು ಅದಲ್ಲ” ಎಂದರು. “ಹಾಗಾದರೆ ಏನು ಹೇಳಿದಿರಿ, ಹೇಳಿ” ಎಂದು ರಾಯರು ಅವರ ಕಡೆಗೆ ತಿರುಗಿ ಕುಳಿತರು.

ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು ಅದು. ಆ ಯುದ್ಧದ ವಿಷಯದಲ್ಲಿ ಇಬ್ಬರಿಗೂ ಇಂದಿಗೂ ಒಮ್ಮತವಿಲ್ಲ. ಆದರೆ ರಾತ್ರಿಯ ವಾರ್ತೆ ಮುಗಿದ ಮೇಲೆ ನಮ್ಮ ಜಗಲಿಯಲ್ಲಿ ಈಗ ಮತ್ತೆ ಮೂವರು ಕುಳಿತಿರುತ್ತೇವೆ.