ರಂಗಕಂಠವೂ ವಾಕ್ಚಿತ್ರವೂ: ಆರ್. ನಾಗೇಂದ್ರರಾಯರು

ಕನ್ನಡದ ಮೊದಮೊದಲಿನ ವಾಕ್ಚಿತ್ರಗಳನ್ನು ನಾಟಕದ ನೆರಳೆಂದು ಹಳಿಯುವುದು ವಾಡಿಕೆಯಾಗಿದೆ. ಆರ್. ನಾಗೇಂದ್ರರಾಯರ (1896–1977) ಕಲಾಜೀವನವನ್ನು ಪರಿಶೀಲಿಸಿದರೆ ಈ ಆಕ್ಷೇಪವು ಅರ್ಧಸತ್ಯವೆಂದು ತೋರುವುದು. ಬಾಲ್ಯದಲ್ಲಿಯೇ ರಂಗವನ್ನೇರಿದ ರಾಯರು ಮುಂದೆ ಎಂ. ವಿ. ಸುಬ್ಬಯ್ಯನಾಯುಡುಗಳೊಡಗೂಡಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡಸಿದರು.

1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಚಿತ್ರವು ತಯಾರಾದುದು ಕೊಲ್ಲಾಪುರದಲ್ಲಿ. ಯಂತ್ರವು ಪರನಾಡಿನದಾದರೂ ಮಾತು ಕನ್ನಡ ರಂಗಭೂಮಿಯದು: ಬೆಳ್ಳಾವೆ ನರಹರಿಶಾಸ್ತ್ರಿಗಳ ರಚನೆ, ನಾಯುಡುಗಳ ಇಂದ್ರಜಿತು, ರಾಯರ ರಾವಣ. ಸಂಗೀತವೂ ರಾಯರದೇ. ಧ್ವನಿವರ್ಧಕವಿಲ್ಲದೆ ಕಡೆಯ ಸಾಲಿನವರೆಗೆ ಮುಟ್ಟಬೇಕಾಗಿದ್ದ ಕಂಠಗಳಲ್ಲದೆ ಬೇರೆ ಯಾವುವು ಆಗ ಸಿದ್ಧವಾಗಿದ್ದವು?

1941ರ ‘ವಸಂತಸೇನೆ’ಯಲ್ಲಿ ಅವರು ವಹಿಸಿದ ಶಕಾರನ ಪಾತ್ರವು ಇನ್ನೂ ಗಮನಾರ್ಹವಾದುದು. ಶೂದ್ರಕನ ಈ ಖಳನು ಸಕಾರಕ್ಕೆ ಬದಲಾಗಿ ಶಕಾರವನ್ನು ಉಚ್ಚರಿಸುವವನು. ಆ ದೋಷದಿಂದಲೇ ಹೆಸರು ಪಡೆದವನು. ಅವನ ದರ್ಪವೂ ಮೌಢ್ಯವೂ ನಾಲಗೆಯ ಮೇಲೆಯೇ ಇವೆ. ಮೂಕಚಿತ್ರಕ್ಕೆ ಎಟುಕದ ಪಾತ್ರವಿದು.

1943ರಲ್ಲಿ ರಾಯರು ‘ಸತ್ಯ ಹರಿಶ್ಚಂದ್ರ’ವನ್ನು ನಿರ್ದೇಶಿಸಿದರು. ಮರುವರ್ಷವೇ ಅದು ತಮಿಳು ಮಾತುಗಳನ್ನು ಹೊಂದಿಸಿಕೊಂಡು ಮತ್ತೆ ಹೊರಬಂದಿತು. ನಟನ ಕಂಠವನ್ನು ಮೈಯಿಂದ ಬೇರ್ಪಡಿಸುವ ಈ ವಿದ್ಯೆಯು, ಮಾತನ್ನೇ ನಂಬಿದ್ದ ಮಂಡಳಿಯವರ ಚಿತ್ರದಲ್ಲಿಯೇ ಮೊದಮೊದಲು ಪ್ರಯೋಗವಾದುದು ಸ್ವಾರಸ್ಯವಾಗಿದೆ.

‘ಸತಿ ಸುಲೋಚನಾ’ದ ಪ್ರತಿಯು ಉಳಿದುಬಂದಿಲ್ಲ, ಅದರೊಡನೆ ಆ ರಾವಣನ ಧ್ವನಿಯೂ ಅಳಿದಿದೆ. ಕಿರೀಟವಿಲ್ಲದ ಗೃಹಸ್ಥನಾಗಿ ಅವರು ಆಡಿದ ಮಾತನ್ನು, ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ 1968ರ ‘ಹಣ್ಣೆಲೆ ಚಿಗುರಿದಾಗ’ ಚಿತ್ರದಲ್ಲಿ ಕೇಳಬಹುದು.