ಕಣ್ಣು ಶಾರ್ಪ್, ಬೆಳಕು ಸಾಫ್ಟ್

ಮೈಸೂರು ರೇಷ್ಮೆ ಸೀರೆಗೆ ನೂಲು ತೆಗೆಯುವ ಕೆಎಸ್‌ಐಸಿ ಕಾರ್ಖಾನೆ ಇರುವುದು ತಿ. ನರಸೀಪುರದಲ್ಲಿ. ಆ ಸೀರೆ ಉಟ್ಟ ಮದುಮಗಳು ನಂಜನಗೂಡಿನ ಛತ್ರವೊಂದರಲ್ಲಿ ಹಸೆಮಣೆ ಏರಿದರೆ ಫೋಟೊಗ್ರಾಫರ್‌ಗೆ ಎರಡು ಬೇಡಿಕೆ ಬರುತ್ತವೆ. ಜರಿಯ ಎಳೆ ಎಳೆಯೂ ಕಾಣಬೇಕು ಎನ್ನುವುದು ಮನೆಯವರ ಮಾತು. ಕೆನ್ನೆಯ ಮೇಲಿನ ಮೊಡವೆ ಕಲೆ ಕಾಣಬಾರದು ಎನ್ನುವುದು ಹುಡುಗಿಯ ಮಾತು. ಇವತ್ತಿನ ಲೆನ್ಸ್‌ಗಳು ಮೊದಲನೆಯದನ್ನು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ನಡೆಸಿಕೊಡುತ್ತವೆ. ಎರಡನೆಯದಕ್ಕೆ ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಫೋಟೊ ತಿದ್ದಬೇಕು.

ಫಿಲಂ ಕಾಲದ ಕಂಪನಿಗಳು ಇದಕ್ಕೆ ಲೆನ್ಸಿನೊಳಗೇ ಉಪಾಯ ಹುಡುಕಿದ್ದವು. ಸಾಫ್ಟ್ ಫೋಕಸ್ ಸೌಲಭ್ಯವಿರುವ ಪುಟ್ಟ ಟೆಲಿಫೋಟೊ ಪ್ರೈಮ್‌ಗಳು ಹುಟ್ಟಿದ್ದು ಹಾಗೆ. ಅವುಗಳಲ್ಲಿ ಹೆಚ್ಚಿನವು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಷ್ಟೇ ಸಿಗುತ್ತವೆ. ಕೊಳ್ಳುವ ಮೊದಲು ಅವು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂದು ತಿಳಿದಿರಬೇಕು.

ಬೇಕೆಂದೇ ಉಳಿಸಿದ ದೋಷ

ಫೋಕಸ್ ತಪ್ಪಿದ ಫೋಟೊ ಬೇರೆ, ಸಾಫ್ಟ್ ಫೋಕಸ್ ಫೋಟೊ ಬೇರೆ. ಲೆನ್ಸಿನ ನಡುವಿನಿಂದ ಹಾದ ಕಿರಣಗಳೂ ಅಂಚಿನಿಂದ ಹಾದ ಕಿರಣಗಳೂ ಒಂದೇ ಜಾಗದಲ್ಲಿ ಕೂಡದಿದ್ದರೆ ಅದನ್ನು ಗೋಳೀಯ ವಿಪಥನ ಎನ್ನುತ್ತಾರೆ. ಎಲ್ಲ ಕಂಪನಿಗಳೂ ಹೋಗಲಾಡಿಸಲು ಹೆಣಗುವ ಈ ದೋಷವನ್ನು ಸಾಫ್ಟ್ ಫೋಕಸ್ ಲೆನ್ಸ್ ಬೇಕೆಂದೇ ಉಳಿಸಿಕೊಳ್ಳುತ್ತದೆ. ನಡುವಿನ ಕಿರಣಗಳು ಶಾರ್ಪ್ ಚಿತ್ರ ಮೂಡಿಸುತ್ತವೆ, ಅಂಚಿನ ಕಿರಣಗಳು ಅದರ ಸುತ್ತ ತೆಳು ಪ್ರಭೆ ಹರಡುತ್ತವೆ. ಹಾಗಾಗಿ ರೆಪ್ಪೆಯ ಕೂದಲು ಕಾಣುತ್ತದೆ, ಚರ್ಮದ ಒರಟು ಕರಗುತ್ತದೆ.

ಅಂಚಿನ ಕಿರಣಗಳನ್ನು ತಡೆದರೆ ಪ್ರಭೆಯೂ ಹೋಗುತ್ತದೆ. ಅಪರ್ಚರ್ ಕಿರಿದು ಮಾಡಿದಾಗ ಆಗುವುದು ಅದೇ. ಎಫ್/2.8ರಲ್ಲಿ ಎದ್ದು ಕಾಣುವ ಮೃದುತ್ವ ಎಫ್/5.6 ದಾಟಿದ ಮೇಲೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ಲೈಟ್ಸ್ ಕಂಪನಿಯ 90 ಮಿ.ಮೀ. ಥಂಬಾರ್ ಈ ಜಾತಿಯ ಹೆಸರಾಂತ ಹಿರಿಯ. 1935ರಲ್ಲಿ ಬಂದ ಅದನ್ನು ಲೈಕಾ 2017ರಲ್ಲಿ ಮತ್ತೆ ತಯಾರಿಸಿತು. ಅದು ಸಂಗ್ರಾಹಕರ ಸೊತ್ತು. ದುಡಿಯುವ ಸ್ಟುಡಿಯೊದವರಿಗೆ ಸಲ್ಲುವುದು ಜಪಾನಿನ ಲೆನ್ಸ್‌ಗಳು.

ಮೈಸೂರಿನವರ ಕ್ಲೋಸಪ್

ಮುಖಕ್ಕೆ ಉದ್ದದ ಲೆನ್ಸೇ ಏಕೆ? ಹತ್ತಿರ ನಿಂತು ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದಕ್ಕೆ ನಿಂತರೆ ಮುಖದ ಅಳತೆ ಸರಿಹೋಗುತ್ತದೆ. ಆ ದೂರದಿಂದ ಚೌಕಟ್ಟು ತುಂಬಲು ಟೆಲಿಫೋಟೊ ಬೇಕು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗುರುದತ್ ನಿರ್ದೇಶನದ ‘ಪ್ಯಾಸಾ’ದಂಥ ಚಿತ್ರಗಳನ್ನು ಅವರು ಸೆರೆಹಿಡಿದ ಕಾಲದಲ್ಲಿ, 75 ಮತ್ತು 100 ಮಿ.ಮೀ. ಲೆನ್ಸಿನ ಕ್ಲೋಸಪ್‌ಗೆ ‘ಗುರುದತ್ ಶಾಟ್’ ಎಂಬ ಹೆಸರೇ ಬಿದ್ದಿತ್ತು. ಅವತ್ತಿನ 35 ಮಿ.ಮೀ. ಸಿನಿಮಾ ಚೌಕಟ್ಟು ಈಗಿನ ಎಪಿಎಸ್-ಸಿ ಸೆನ್ಸರ್‌ನಷ್ಟೇ ಅಗಲ. ಅಂದರೆ ಸಾಧಾರಣ ಡಿಎಸ್‌ಎಲ್‌ಆರ್‌ಗೆ 85 ಅಥವಾ 100ರ ಲೆನ್ಸ್ ಹಾಕಿದವರು ನಿಂತಿರುವುದು ಮೂರ್ತಿಯವರು ನಿಂತಿದ್ದ ದೂರದಲ್ಲೇ.

ಛತ್ರಕ್ಕೆ ಯಾವುದು, ಹೊಳೆದಂಡೆಗೆ ಯಾವುದು

ಜಪಾನಿನ ಸಾಫ್ಟ್ ಫೋಕಸ್ ಲೆನ್ಸ್‌ಗಳಲ್ಲಿ ಸುಲಭವಾಗಿ ನೆನಪಿಗೆ ಬರುವುದು 1987ರ ಕ್ಯಾನನ್ ಇಎಫ್ 135 ಮಿ.ಮೀ. ಎಫ್/2.8 ಸಾಫ್ಟ್ ಫೋಕಸ್. ತೂಕ 390 ಗ್ರಾಂ, ಫಿಲ್ಟರ್ 52 ಮಿ.ಮೀ. ಅದರ ರಿಂಗಿನಲ್ಲಿ 0, 1, 2 ಎಂದು ಗುರುತುಗಳಿವೆ. ಸೊನ್ನೆಗೆ ತಿರುಗಿಸಿದರೆ ಅದು ಮಾಮೂಲಿ ಶಾರ್ಪ್ 135. ಈ ಸೊನ್ನೆಯೇ ಅದರ ದೊಡ್ಡ ಗುಣ. ಧಾರೆಯ ಗಡಿಬಿಡಿಯಲ್ಲಿ ಲೆನ್ಸ್ ಬದಲಿಸದೆಯೇ ಜರಿಗೆ ಒಂದು ಚಿತ್ರ, ಮುಖಕ್ಕೆ ಒಂದು ಚಿತ್ರ ತೆಗೆಯಬಹುದು.

ತೊಡಕಿರುವುದು ಜಾಗದಲ್ಲಿ. ಎಪಿಎಸ್-ಸಿ ಬಾಡಿಯಲ್ಲಿ 135 ಸುಮಾರು 216ರ ನೋಟ ಕೊಡುತ್ತದೆ. ಎದೆಮಟ್ಟದ ಚಿತ್ರಕ್ಕೆ 12 ಅಡಿ ಸಾಕು, ಆದರೆ ನಿಂತ ಆಳಿನ ಪೂರ್ತಿ ಚಿತ್ರಕ್ಕೆ ಸುಮಾರು 40 ಅಡಿ ಹಿಂದೆ ಹೋಗಬೇಕು. ವಿಡಿಯೊದವರು, ಪುರೋಹಿತರು, ನೆಂಟರು ತುಂಬಿದ ಛತ್ರದಲ್ಲಿ ಅಷ್ಟು ದಾರಿ ಯಾರೂ ಬಿಡುವುದಿಲ್ಲ. ಅದೇ ಕ್ಯಾಮೆರಾಗೆ 85ರ ಲೆನ್ಸ್ ಆದರೆ 25 ಅಡಿ ಸಾಕು. ಫುಲ್ ಫ್ರೇಮ್ ಇದ್ದವರಿಗೆ 135 ಕೂಡ 25 ಅಡಿಗೇ ಮುಗಿಯುತ್ತದೆ. ಈ ಲೆನ್ಸಿನಲ್ಲಿ ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲ ಎಂಬುದನ್ನೂ ನೆನಪಿಡಬೇಕು. ಶಟರ್ ವೇಗ 1/200ಕ್ಕಿಂತ ಇಳಿಯದಿದ್ದರೆ ಒಳ್ಳೆಯದು.

ಪೆಂಟಾಕ್ಸ್‌ನವರಿಗೆ ಇನ್ನೂ ಪುಟ್ಟ ಆಯ್ಕೆಗಳಿವೆ. ಅವರ ಹಳೆಯ 85 ಮಿ.ಮೀ. ಎಫ್/2.2 ಸಾಫ್ಟ್‌ನಲ್ಲಿ ಇರುವುದು ಎರಡೇ ಗಾಜು. ಆಮೇಲೆ ಆಟೊಫೋಕಸ್ ಇರುವ ಎಫ್/2.8 ಬಂತು. ಎರಡರಲ್ಲೂ ಮೃದುತ್ವದ ರಿಂಗ್ ಇಲ್ಲ, ಅಪರ್ಚರ್‌ನಿಂದಲೇ ಹೆಚ್ಚುಕಡಿಮೆ ಮಾಡಬೇಕು. ಕತ್ತಲ ಛತ್ರದಲ್ಲಿ ಶಾರ್ಪ್ ಚಿತ್ರ ಬೇಕೆಂದರೆ ಬೆಳಕನ್ನೇ ಬಿಟ್ಟುಕೊಡಬೇಕಾಗುತ್ತದೆ. ಮಿನೋಲ್ಟಾ ಎಎಫ್ 100 ಮಿ.ಮೀ. ಎಫ್/2.8 ಸಾಫ್ಟ್ ಫೋಕಸ್‌ಗೆ 0ಯಿಂದ 3ರವರೆಗೆ ರಿಂಗ್ ಇದೆ, ಉದ್ದವೂ ಹದ. ಸೋನಿ ಮಿರರ್‌ಲೆಸ್‌ಗೆ ಅದನ್ನು ಹಾಕುವವರು ಫೋಕಸ್ ಮೋಟಾರ್ ಇರುವ ಅಡಾಪ್ಟರ್ ಕೊಳ್ಳಬೇಕು. ನಿಕಾನ್‌ನ 135 ಮಿ.ಮೀ. ಎಫ್/2 ಡಿಸಿಯಲ್ಲಿ ಹಿನ್ನೆಲೆಯ ಮಸುಕನ್ನು ತಿದ್ದುವ ರಿಂಗನ್ನು ಮಿತಿ ದಾಟಿ ತಿರುಗಿಸಿದರೆ ಮೃದುತ್ವ ಬರುತ್ತದೆ, ಆದರೆ 800 ಗ್ರಾಂ ಮೀರಿದ ಅದನ್ನು ಪುಟ್ಟ ಲೆನ್ಸ್ ಎನ್ನಲಾಗದು.

ಲೆನ್ಸಿನಷ್ಟೇ ಮುಖ್ಯ ಬೆಳಕು. ಪ್ರಭೆ ಹುಟ್ಟುವುದು ಹೊಳೆಯುವ ಬಿಂದುಗಳಿಂದ, ಕಾಣುವುದು ಕಪ್ಪು ಹಿನ್ನೆಲೆಯ ಮೇಲೆ. ದೀಪದ ಕಂಬ, ಆರತಿ ತಟ್ಟೆ, ಜಡೆಯ ಮಲ್ಲಿಗೆ, ಜರಿ ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದವು. ಕಾವೇರಿ, ಕಪಿಲೆ ಕೂಡುವ ತಿ. ನರಸೀಪುರದ ಸಂಗಮದಲ್ಲಿ ಬೆಳಗಿನ ಎಳೆಬಿಸಿಲು ಬೆನ್ನ ಹಿಂದಿನಿಂದ ಬಿದ್ದರೆ ಕೂದಲ ಅಂಚು, ನೀರಿನ ಮಿನುಗು ಎರಡೂ ಅರಳುತ್ತವೆ. ನಡುಹಗಲಿನಲ್ಲಿ ತಲಕಾಡಿನ ಮರಳ ಮೇಲೆ ಇದೇ ಲೆನ್ಸ್ ಸೋಲುತ್ತದೆ: ಮರಳೂ ಬಿಳಿ, ಆಕಾಶವೂ ಬಿಳಿ, ಪ್ರಭೆಗೆ ಎದುರು ನಿಲ್ಲುವ ಕಪ್ಪೇ ಇಲ್ಲದೆ ಇಡೀ ಚಿತ್ರ ಪೇಲವ. ಅಲ್ಲಿ ಸೊನ್ನೆಗೆ ತಿರುಗಿಸಿ ತೆಗೆಯುವುದೇ ಸರಿ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಟಾಗ, ಅಥವಾ ತಿ. ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳದಲ್ಲಿ, ಹೆಗಲ ಚೀಲದಲ್ಲಿ ಅಡಗುವ ಲೆನ್ಸಿನ ಬೆಲೆ ತಿಳಿಯುತ್ತದೆ. ನೂಕುನುಗ್ಗಲಿನಲ್ಲಿ ದೊಡ್ಡ ಬಿಳಿ ಲೆನ್ಸ್ ಎತ್ತಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಆದರೆ ದೂರದಿಂದ ಗೊತ್ತಾಗದಂತೆ ತೆಗೆಯಬಹುದು ಎಂಬುದು ಸ್ನಾನಘಟ್ಟದಲ್ಲಿರುವವರ ಚಿತ್ರ ತೆಗೆಯಲು ಪರವಾನಗಿಯಲ್ಲ. ಅಲ್ಲಿ ಕೇಳಿಯೇ ತೆಗೆಯಬೇಕು.

ಹಳೆಯದನ್ನು ಕೊಳ್ಳುವಾಗ

ಮೂವತ್ತು ವರ್ಷ ದಾಟಿದ ಲೆನ್ಸಿನಲ್ಲಿ ಫಂಗಸ್ ಸಾಮಾನ್ಯ. ಇಲ್ಲೊಂದು ಮೋಸ ನಡೆಯಬಹುದು: ಒಳಗಾಜು ಮಬ್ಬಾದ ಲೆನ್ಸನ್ನು ‘ಸಾಫ್ಟ್ ಲೆನ್ಸ್ ಸಾರ್, ಇದು ಇರೋದೇ ಹೀಗೆ’ ಎಂದು ದಾಟಿಸುವುದು. ರಿಂಗನ್ನು ಸೊನ್ನೆಗೆ ತಂದು, ಅಪರ್ಚರ್ ಎಫ್/8ಕ್ಕೆ ಇಳಿಸಿ ಸುದ್ದಿಪತ್ರಿಕೆಯ ಪುಟವೊಂದನ್ನು ತೆಗೆದು ನೋಡಬೇಕು. ಅಕ್ಷರಗಳು ಆಗಲೂ ಮಬ್ಬಾಗಿದ್ದರೆ ತಪ್ಪು ಗಾಜಿನದು. ಆಮೇಲೆ ಟಾರ್ಚ್ ಹಿಡಿದು ಒಳಗೆ ಬಲೆಯಂಥ ಗೆರೆಗಳಿವೆಯೇ, ಅಪರ್ಚರ್ ರೆಕ್ಕೆಗಳಿಗೆ ಎಣ್ಣೆ ಅಂಟಿದೆಯೇ ಎಂದು ನೋಡಬೇಕು. ಫೋಕಸ್ ಮೋಟಾರ್ ಓಡುತ್ತಿದೆಯೇ ಎನ್ನುವುದು ಕೊನೆಯ ಪರೀಕ್ಷೆ, ಏಕೆಂದರೆ ಅದರ ಬಿಡಿಭಾಗ ಸಿಗುವುದು ಕಷ್ಟ.

ಅಷ್ಟು ಹುಡುಕಾಟ ಬೇಡವೆನ್ನುವವರು ಕೈಯಲ್ಲಿರುವ 85 ಎಫ್/1.8ಕ್ಕೆ ಬ್ಲ್ಯಾಕ್ ಪ್ರೋ-ಮಿಸ್ಟ್‌ನಂಥ ಫಿಲ್ಟರ್ ಹಾಕಿ ಒಂದು ಮುಹೂರ್ತ ನಡೆಸಿ ನೋಡಬಹುದು. ಫಿಲ್ಟರ್‌ನಲ್ಲಿ ಅಪರ್ಚರ್ ಕಿರಿದಾದರೂ ಮೃದುತ್ವ ಪೂರ್ತಿ ಹೋಗುವುದಿಲ್ಲ. ಬೇಡವಾದಾಗ ಬಿಚ್ಚಿಡಬೇಕು, ಅಷ್ಟೆ. ಹೊಸದೇ ಬೇಕು, ಕ್ಯಾನನ್ ಮಿರರ್‌ಲೆಸ್ ಇದೆ ಎನ್ನುವವರಿಗೆ 2021ರಲ್ಲಿ ಬಂದ ಆರ್‌ಎಫ್ 100 ಮಿ.ಮೀ. ಎಫ್/2.8 ಮ್ಯಾಕ್ರೋ ಇದೆ. ಗೋಳೀಯ ವಿಪಥನವನ್ನು ಬೇಕಾದಷ್ಟು ಕೂಡಿಸಿ ಕಳೆಯುವ ರಿಂಗ್ ಅದರಲ್ಲೇ ಉಂಟು, ಸ್ಟೆಬಿಲೈಸೇಶನ್ ಕೂಡ. ತೂಕ 730 ಗ್ರಾಂ, ಹಳೆಯ 135ರ ಎರಡರಷ್ಟಕ್ಕೆ ಹತ್ತಿರ. ಆದರೆ ತಾಳಿ, ಕಾಲುಂಗುರ, ಮೆಹಂದಿಯ ಗೆರೆಗಳ ಕ್ಲೋಸಪ್‌ಗೆ ಮತ್ತೊಂದು ಲೆನ್ಸ್ ಹೊರುವುದು ತಪ್ಪುತ್ತದೆ.