ಪಾರ್ಶ್ವವಾಯುವೂ ಮನಸ್ಸೂ

ಸಂತೆಕಲ್ಲೂರಿನಲ್ಲಿ ಕಿರಾಣಿ ಅಂಗಡಿಯ ಯಜಮಾನರೊಬ್ಬರಿಗೆ ಲಕ್ವ ಹೊಡೆಯಿತೆಂದು ಭಾವಿಸೋಣ. ಆರು ತಿಂಗಳಲ್ಲಿ ಅವರು ಕೋಲೂರಿ ನಡೆಯುವಂತಾದರು. ಆದರೆ ಅಂಗಡಿಯಲ್ಲಿ ಕುಳಿತರೆ ಚಿಲ್ಲರೆಯ ಲೆಕ್ಕ ತಪ್ಪುವುದು. ಆಗತಾನೆ ಕೇಳಿದ ಮಾತು ಮರೆತುಹೋಗುವುದು. ಕಾರಣವಿಲ್ಲದೆ ಅಳು ಬರುವುದು. ಕಾಲು ಸರಿಹೋದರೂ ಹಠ ಹೋಗಲಿಲ್ಲವೆಂದು ಮನೆಯವರು ನೊಂದುಕೊಳ್ಳುವರು. ಇದು ನಿಜವಾಗಿಯೂ ಹಠವೇ? ವಿಚಾರಮಾಡಿ ನೋಡೋಣ.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೆ ಅದು ಬಳಸುವ ಆಮ್ಲಜನಕ ನೂರಕ್ಕೆ 20 ಪಾಲು. ಇದನ್ನು ಕೂಡಿಡಲು ಅಲ್ಲಿ ಉಗ್ರಾಣವಿಲ್ಲ. ಆದುದರಿಂದ ರಕ್ತನಾಳ ಮುಚ್ಚಿದರೂ ಒಡೆದರೂ ಕೇಡು ಒಡನೆಯೇ ಆರಂಭವಾಗುತ್ತದೆ. ದೊಡ್ಡ ನಾಳವೊಂದು ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುವುವೆಂದು ಅಂದಾಜುಮಾಡಲಾಗಿದೆ.

ಸಿಂಧನೂರಿನ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯನ್ನು ಕಂಡವರಿಗೆ ಮುಂದಿನದು ಸುಲಭವಾಗಿ ತಿಳಿಯುವುದು. ಯಾವ ತೂಬು ಕಟ್ಟಿತೋ ಅದರ ಕೆಳಗಿನ ಗದ್ದೆ ಒಣಗುವುದು. ಮಿದುಳಿನಲ್ಲಿಯೂ ಹಾಗೆಯೇ. ಎಡಭಾಗಕ್ಕೆ ಪೆಟ್ಟಾದರೆ ಸಾಮಾನ್ಯವಾಗಿ ಮಾತು ಕೆಡುವುದು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ ಇದಕ್ಕೆ ಆಧಾರವನ್ನು ತೋರಿಸಿಕೊಟ್ಟನು. ಬಲಭಾಗಕ್ಕೆ ಪೆಟ್ಟಾದ ಕೆಲವರು ತಟ್ಟೆಯ ಎಡಗಡೆಯ ರೊಟ್ಟಿಯನ್ನು ಗಮನಿಸುವುದೇ ಇಲ್ಲ. ಕಣ್ಣು ಚೆನ್ನಾಗಿದ್ದರೂ ಲಕ್ಷ್ಯ ಅತ್ತ ಹೊರಳದು. ಮುಂಭಾಗ ಕೆಟ್ಟರೆ ಕೆಲಸವನ್ನು ಕ್ರಮವಾಗಿ ಯೋಜಿಸುವ ಶಕ್ತಿ ಕುಗ್ಗುವುದು. ಆದರೆ ಉಪಮಾನಕ್ಕೂ ಒಂದು ಮಿತಿಯುಂಟು. ಗದ್ದೆಗಳು ಒಂದರೊಡನೊಂದು ಮಾತನಾಡುವುದಿಲ್ಲ. ಮಿದುಳಿನ ಭಾಗಗಳು ಸದಾ ಸಂಪರ್ಕದಲ್ಲಿರುವುವು. ಆದುದರಿಂದ ಒಂದು ಕಡೆಯ ಸಣ್ಣ ಗಾಯವೂ ದೂರದ ಭಾಗದ ಕೆಲಸವನ್ನು ನಿಧಾನಗೊಳಿಸಬಲ್ಲದು.

ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಖಿನ್ನತೆ ಬರುವುದು. ಕಳೆದುಕೊಂಡುದರ ದುಃಖ ಇದಕ್ಕೆ ಒಂದು ಕಾರಣ. ಭಾವನೆಗಳನ್ನು ನಡೆಸುವ ನರಮಾರ್ಗಗಳ ಗಾಯ ಇನ್ನೊಂದು. ಕಾರಣವಿಲ್ಲದ ಅಳು ಬೇರೆಯೇ ಸಂಗತಿ. ಅಳುವನ್ನು ತಡೆಯುವ ಮಿದುಳಿನ ಹಿಡಿತ ಸಡಿಲವಾದಾಗ, ಮನಸ್ಸಿನಲ್ಲಿ ದುಃಖವಿಲ್ಲದಿದ್ದರೂ ಕಣ್ಣೀರು ಸುರಿಯುವುದು. ಇವೆರಡಕ್ಕೂ ಚಿಕಿತ್ಸೆಯುಂಟು. ಖಿನ್ನತೆಯನ್ನು ಹಾಗೆಯೇ ಬಿಟ್ಟರೆ ಕೈಕಾಲುಗಳ ಚೇತರಿಕೆಯೂ ಹಿಂದೆ ಬೀಳುವುದು.

ನಮ್ಮ ಸೀಮೆಗೆ ಹತ್ತಿರದ ಒಂದು ಸಂಶೋಧನೆಯನ್ನು ಇಲ್ಲಿ ನೆನೆಯಬೇಕು. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ 608 ರೋಗಿಗಳನ್ನು ಕುರಿತು ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ತಮ್ಮ ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಪಾರ್ಶ್ವವಾಯುವಿನ ನಂತರವೂ ಆಲೋಚನಾಶಕ್ತಿ ಸಹಜವಾಗಿ ಉಳಿದವರು, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ನೂರಕ್ಕೆ 40.5, ಒಂದೇ ಭಾಷೆಯವರಲ್ಲಿ 19.6. ಮಾತಿನ ನಷ್ಟದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಭಾಷೆಯಿಂದ ಭಾಷೆಗೆ ಹೊರಳುವ ನಿತ್ಯದ ಅಭ್ಯಾಸವು ಮಿದುಳಿಗೆ ಮೀಸಲು ಶಕ್ತಿಯನ್ನು ಒದಗಿಸುವುದೆಂದು ಅವರ ಊಹೆ. ಮನೆಯಲ್ಲಿ ಕನ್ನಡ, ಕ್ಯಾಂಪಿನವರೊಡನೆ ತೆಲುಗು, ಪೇಟೆಯಲ್ಲಿ ಉರ್ದು ಆಡುವ ನಮ್ಮವರಿಗೆ ಇದು ಕುತೂಹಲದ ವಿಷಯ. ಆದರೆ ಭಾಷೆ ಬಲ್ಲವರಿಗೆ ಪಾರ್ಶ್ವವಾಯು ಬಾರದೆಂದು ಇದರ ಅರ್ಥವಲ್ಲ.

ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆಮಾಡಬೇಕು. ಗಡ್ಡೆಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದು. ಆಮೇಲೆ ವೈದ್ಯರ ಬಳಿ ಹೋದಾಗ ಕಾಲಿನ ಬಲದೊಡನೆ ನೆನಪು, ಲೆಕ್ಕ, ಮನಸ್ಸುಗಳ ವಿಷಯವನ್ನೂ ಹೇಳಬೇಕು. ಅಂಗಡಿಯ ಯಜಮಾನರದು ಹಠವಲ್ಲ, ಗಾಯ. ಹೊರಗೆ ಕಾಣದು ಎಂಬಷ್ಟೇ ಅದರ ವಿಶೇಷ.